ಮೂವತ್ತೈದು ಮೈಕ್ರಾನ್

ಹದಿನೈದು ವರ್ಷದಿಂದ ಕೋಕಿಲಾಳ ರವಿಕೆಗಳನ್ನೆಲ್ಲ ಹೊಲಿದವಳು ಹನುಮಕ್ಕ. ಲಗ್ಗೆರೆಯಲ್ಲಿ ಮನೆ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು. ಬಸವೇಶ್ವರನಗರದ ಹತ್ತು ಹನ್ನೆರಡು ಮನೆಗಳಿಗೆ ತಾನೇ ಬಂದು ಬಟ್ಟೆ ತೆಗೆದುಕೊಂಡು ಹೋಗಿ, ಹೊಲಿದು ತಂದು ಕೊಡುತ್ತಿದ್ದಳು. ಅವಳ ಕೈಯಿಂದ ಬಂದದ್ದನ್ನು ಬಿಚ್ಚಿ ಮತ್ತೆ ಹೊಲಿಸಿದವರು ಯಾರೂ ಇರಲಿಲ್ಲ. ಆದರೆ ಆ ಬುಧವಾರ ಕೋಕಿಲಾ ರವಿಕೆ ಬಿಡಿಸಿ ನೋಡಿದರೆ ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಕೂತಿದ್ದವು.

"ಏನ್ ಹನುಮಕ್ಕ, ಇದು ನಿಮ್ಮ ಕೆಲಸ ಅಲ್ವಲ್ಲ," ಎಂದಳು ಕೋಕಿಲಾ.

ಹನುಮಕ್ಕ ರವಿಕೆಯನ್ನು ಒಮ್ಮೆ ನೋಡಿ ಸೋಫಾದ ಅಂಚಿನಲ್ಲಿ ಕೂತುಬಿಟ್ಟಳು. "ಸೋಮವಾರ ನಮ್ ಯಜಮಾನ್ರನ್ನ ಕೆಂಗೇರಿ ಹತ್ರ ಯಾವ್ದೋ ಕೇರ್ ಸೆಂಟರ್‌ಗೆ ಸೇರಿಸ್ತೀನಿ ಅಂತಿದಾನೆ ಮೇಡಂ, ನಮ್ ಮಗ ಅರುಣ. ನಂಗೆ ಎರಡು ದಿನದಿಂದ ಕೈ ಓಡ್ತಿಲ್ಲ."

ಅವಳ ಗಂಡ ಕಾಂತರಾಜು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಡೈ ಮಾಡಿದವನು. ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಉಕ್ಕಿನ ಅಚ್ಚು ಅದು. ಅವನ ಕೆಳಗೆ ಕೆಲಸ ಕಲಿತವರು ಪೀಣ್ಯದ ತುಂಬ ಇದ್ದರು. ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ಹನ್ನೊಂದು ತಿಂಗಳ ಹಿಂದೆ ಸ್ನಾನ ಮಾಡಿ ಹೊರಗೆ ಬಂದವನು ಬಾಗಿಲಲ್ಲೇ ಬಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು, ಕಣ್ಣು ತೆರೆಯಿತು, ಅಷ್ಟೇ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಕೈ ಎತ್ತು ಎಂದರೆ ಎತ್ತುವುದಿಲ್ಲ. ಆಸ್ಪತ್ರೆಯವರು ಕೊನೆಗೆ ಒಂದು ಮಾತು ಹೇಳಿ ಕಳಿಸಿದ್ದರು: ಎಚ್ಚರ ಇದೆ, ಅರಿವಿಲ್ಲ.

"ಅವ್ರಿಗೆ ಎಲ್ಲಾ ಗೊತ್ತಾಗತ್ತೆ ಮೇಡಂ," ಎಂದಳು ಹನುಮಕ್ಕ. "ನಾನ್ ಹೇಳಿದ್ರೆ ಆಸೆಗೆ ಹೇಳ್ತೀಯ ಅಂತಾರೆ. ನೀವು ಸರ್ವೀಸ್‌ನಲ್ಲಿದ್ದಾಗ ಕಳ್ಳರು ಬಚ್ಚಿಟ್ಟಿದ್ದನ್ನೆಲ್ಲ ವೈರ್ ಹಾಕಿ ತಿಳ್ಕೋತಿದ್ರಂತೆ. ನಮ್ ಯಜಮಾನ್ರಿಗೂ ಒಂದ್ಸಲ ಹಾಕಿ ನೋಡ್ತೀರಾ?"

ಅಪರಾಧ ಪ್ರಯೋಗಾಲಯವೊಂದರ ಮನಃಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ಮೂರು ವರ್ಷದ ಹಿಂದೆ ನಿವೃತ್ತಳಾದವಳು ಕೋಕಿಲಾ. ಸುಳ್ಳು ಹಿಡಿಯುವ ಮೇಡಂ ಎಂದು ಜನ ಕರೆದಾಗೆಲ್ಲ ಅವಳಿಗೆ ರೇಗುತ್ತಿತ್ತು. ಸುಳ್ಳನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ ಎಂದು ಕೋರ್ಟಿನಲ್ಲೇ ಹೇಳಿದವಳು ಅವಳು. ಅವಳು ನಂಬಿದ್ದ ಪರೀಕ್ಷೆ ಬೇರೆ. ಒಡವೆ ಎಲ್ಲಿತ್ತೆಂದು ಕದ್ದವನಿಗೆ ಮಾತ್ರ ಗೊತ್ತಿರುತ್ತದೆ. ಅಕ್ಕಿ ಡಬ್ಬ, ಬೀರು, ದಿಂಬು, ದೇವರ ಮನೆ, ಸೂಟ್‌ಕೇಸು ಎಂದು ಒಂದೊಂದಾಗಿ, ಒಂದೇ ದನಿಯಲ್ಲಿ ಹೇಳುತ್ತ ಹೋಗಬೇಕು. ಏನೂ ಗೊತ್ತಿಲ್ಲದವನಿಗೆ ಐದೂ ಒಂದೇ. ಗೊತ್ತಿದ್ದವನ ಬೆರಳಿನ ತುದಿಯಲ್ಲಿ ಮಾತ್ರ, ಆ ಒಂದು ಹೆಸರು ಬಿದ್ದಾಗ, ಕಣ್ಣಿಗೆ ಕಾಣದಷ್ಟು ಬೆವರು ಹುಟ್ಟುತ್ತದೆ. ಬೆರಳಿಗೆ ಕಟ್ಟಿದ ವೈರು ಅದನ್ನು ಗೆರೆಯಾಗಿ ತೋರಿಸುತ್ತದೆ. ಬಾಯಿ ಬಿಡದಿದ್ದರೂ ಸರಿ.

ಇಷ್ಟು ವರ್ಷ ಅವಳ ಮುಂದೆ ಕೂತವರೆಲ್ಲ ಹೇಳಬಾರದೆಂದು ಹಲ್ಲು ಕಚ್ಚಿದವರೇ. ಹೇಳಲು ಆಗದೆ ಮಲಗಿರುವವನಿಗೆ ಇದನ್ನು ಕಟ್ಟಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ.

"ಎರಡು ದಿನ ಕೊಡಿ," ಎಂದಳು. "ನಾನು ಡಾಕ್ಟರ್ ಅಲ್ಲ ಹನುಮಕ್ಕ. ಸ್ವಲ್ಪ ಓದ್ಕೋಬೇಕು."

ಓದಿದಳು. ಇಂಥ ರೋಗಿಗಳ ಮೇಲೆ ಇಂಥದ್ದೇ ಪ್ರಯತ್ನ ಮಾಡಿದವರು ಬೇರೆ ಕಡೆ ಇದ್ದಾರೆಂದು ಗೊತ್ತಾಯಿತು. ಕೆಲವರಲ್ಲಿ ಗೆರೆ ಎದ್ದಿತ್ತು, ಕೆಲವರಲ್ಲಿ ಎದ್ದಿರಲಿಲ್ಲ. ತರಬೇತಿ ಶಿಬಿರಗಳಿಗೆಂದು ಇಟ್ಟುಕೊಂಡಿದ್ದ ತನ್ನ ಸಣ್ಣ ಉಪಕರಣವನ್ನು ಕಪಾಟಿನಿಂದ ತೆಗೆದು, ಲ್ಯಾಪ್‌ಟಾಪಿಗೆ ಜೋಡಿಸಿ, ಮೊದಲು ತನ್ನ ಬೆರಳಿಗೇ ಕಟ್ಟಿ ನೋಡಿದಳು. ಕೆಲಸ ಮಾಡುತ್ತಿತ್ತು.

ಶನಿವಾರ ಬೆಳಿಗ್ಗೆ ಲಗ್ಗೆರೆಯ ಮನೆಗೆ ಹೋದಾಗ ಮಗ ಅರುಣ್ ಕುಮಾರ್ ಬಾಗಿಲು ತೆರೆದ. ಮೂವತ್ತೈದರ ಆಸುಪಾಸು, ಪೀಣ್ಯದಲ್ಲಿ ಶಿಫ್ಟ್ ಕೆಲಸ. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿಕೊಂಡಿದ್ದ. ದಿನಕ್ಕೆ ನಾಲ್ಕು ಸಲ ತಂದೆಯನ್ನು ಮಗ್ಗಲು ಬದಲಿಸಿ ಅವನ ಬೆನ್ನೇ ಹೋಗಿತ್ತು.

"ಆಂಟಿ, ಅಮ್ಮನಿಗೆ ಆಸೆ ಹುಟ್ಸಬೇಡಿ ಪ್ಲೀಸ್," ಎಂದ, ಒಳಗೆ ಕೇಳಿಸದಂತೆ. "ನಾನೇನು ಅಪ್ಪನ್ನ ಹೊರಗೆ ಹಾಕ್ತಿಲ್ಲ. ಅಲ್ಲಿ ನೋಡ್ಕೊಳೋರಿದಾರೆ. ಅಮ್ಮನೂ ಮಲಗಿಬಿಟ್ರೆ ನಾನೇನ್ ಮಾಡ್ಲಿ?"

"ನೀವು ಹೇಳೋದು ಸರಿ," ಎಂದಳು ಕೋಕಿಲಾ. "ಅದಕ್ಕೇ ಮೊದಲೇ ಹೇಳ್ತೀನಿ, ಇಬ್ಬರೂ ಕೇಳಿ. ಗೆರೆ ಏಳಲಿಲ್ಲ ಅಂದ್ರೆ ಅವರಿಗೆ ಏನೂ ಗೊತ್ತಿಲ್ಲ ಅಂತ ಅರ್ಥ ಅಲ್ಲ. ಬೆವರಿನ ನರಕ್ಕೇ ಪೆಟ್ಟಾಗಿರಬಹುದು. ಎದ್ರೆ ಮಾತ್ರ ಏನೋ ಹೇಳಬಹುದು. ಎರಡನೇದು, ಸರಿ ಉತ್ತರ ನನಗೆ ಗೊತ್ತಿರಬಾರದು. ಗೊತ್ತಿದ್ರೆ ನನ್ನ ದನಿಯೇ ಸುಳಿವು ಕೊಡತ್ತೆ."

ಅಷ್ಟರಲ್ಲಿ ತಮ್ಮಣ್ಣನೂ ಬಂದ. ಕಾಂತರಾಜುವಿನ ಕೈಕೆಳಗೆ ಇಪ್ಪತ್ತೈದು ವರ್ಷ ಇದ್ದು, ಈಗ ಅದೇ ಕಾರ್ಖಾನೆಯಲ್ಲಿ ಅವನ ಜಾಗದಲ್ಲಿ ಕೂತವನು. ಹನುಮಕ್ಕನೇ ಕರೆಸಿದ್ದಳು. ಮೂವರಿಗೂ ಕೋಕಿಲಾ ಹಾಳೆ, ಲಕೋಟೆ ಕೊಟ್ಟಳು. ಒಬ್ಬೊಬ್ಬರು ಎರಡೆರಡು ಪ್ರಶ್ನೆ ಬರೆಯಬೇಕು. ಪ್ರತಿ ಪ್ರಶ್ನೆಗೆ ಐದು ಉತ್ತರ, ಒಂದು ಮಾತ್ರ ನಿಜ. ಉಳಿದ ನಾಲ್ಕೂ ಕೇಳಿದವರಿಗೆ ನಿಜವೇ ಅನ್ನಿಸುವಂತಿರಬೇಕು. ನಿಜವಾದದ್ದನ್ನು ಬೇರೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟು ಅಂಟಿಸಬೇಕು. ಒಬ್ಬರದು ಇನ್ನೊಬ್ಬರು ನೋಡುವಂತಿಲ್ಲ.

ಅರುಣ್ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತ. ಆಮೇಲೆ ಪೆನ್ನು ಒತ್ತಿ ಒತ್ತಿ ಬರೆದ.

ಮೂವರನ್ನೂ ಮಹಡಿಗೆ ಕಳಿಸಿ ಕೋಕಿಲಾ ಒಳಕೋಣೆಗೆ ಹೋದಳು. ಕಾಂತರಾಜು ದಿಂಬಿಗೆ ಒರಗಿದ್ದ. ಕೆನ್ನೆ ಬೋಳಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕಣ್ಣು ಗೋಡೆಯ ಕಡೆ. ಅವಳು ಸ್ಟೂಲು ಎಳೆದುಕೊಂಡು ಕೂತಳು. ಸರ್ವೀಸಿನುದ್ದಕ್ಕೂ ಒಪ್ಪಿಗೆ ಕೇಳದೆ ಒಬ್ಬರ ಬೆರಳನ್ನೂ ಮುಟ್ಟಿದವಳಲ್ಲ. ಮೇಲಿನವರು ಒತ್ತಾಯಿಸಿದಾಗಲೂ ಒಪ್ಪಿರಲಿಲ್ಲ, ಅದಕ್ಕಾಗಿ ಎರಡು ಸಲ ವರ್ಗವಾಗಿದ್ದಳು.

"ಕಾಂತರಾಜು ಅವರೇ, ನಮಸ್ಕಾರ. ನಾನು ಕೋಕಿಲಾ, ಹನುಮಕ್ಕ ನನಗೆ ರವಿಕೆ ಹೊಲೀತಾರೆ," ಎಂದಳು. "ನಿಮ್ಮ ಎಡಗೈ ಎರಡು ಬೆರಳಿಗೆ ಪಟ್ಟಿ ಕಟ್ತೀನಿ. ನೋವಾಗಲ್ಲ. ನಾನು ಕೆಲವು ಹೆಸರು ಓದ್ತೀನಿ, ನೀವು ಕೇಳಿದ್ರೆ ಸಾಕು. ನಿಮ್ಮನ್ನ ಕೇಳಿ ಮಾಡೋಣ ಅಂದ್ರೆ ನನಗೆ ದಾರಿ ಗೊತ್ತಾಗ್ತಿಲ್ಲ. ಬೇಡ ಅನ್ನಿಸಿದ್ರೆ ಕ್ಷಮಿಸಬೇಕು."

ಒಂದು ನಿಮಿಷ ಕಾದಳು. ಅವನು ರೆಪ್ಪೆ ಬಡಿದ, ಎಲ್ಲರೂ ಬಡಿಯುವ ಹಾಗೆ. ಅವಳು ಪಟ್ಟಿ ಕಟ್ಟಿದಳು. ಉಗುರಿನ ಸುತ್ತ ಹನ್ನೊಂದು ತಿಂಗಳಾದರೂ ಹೋಗದ ಎಣ್ಣೆಯ ಕಪ್ಪಿತ್ತು.

ಪರದೆಯ ಮೇಲೆ ಗೆರೆ ಸಮವಾಗಿ ಹರಿಯತೊಡಗಿತು. ಎಷ್ಟು ಸಮವಾಗಿತ್ತೆಂದರೆ ಅವಳಿಗೆ ಭಯವೇ ಆಯಿತು. ಮೊದಲ ಪ್ರಶ್ನೆ ಓದಿದಳು. "ಚಿಕ್ಕಂದಿನಲ್ಲಿ ನಿಮ್ಮ ತಾಯಿ ನಿಮ್ಮನ್ನ ಏನಂತ ಕರೀತಿದ್ರು? ಗುಂಡ." ಮೂವತ್ತು ಸೆಕೆಂಡು ಸುಮ್ಮನಿದ್ದಳು. "ಪುಟ್ಟಯ್ಯ." ಮತ್ತೆ ಮೂವತ್ತು ಸೆಕೆಂಡು. ಗೆರೆ ಅಲುಗಲಿಲ್ಲ. "ಕೆಂಚ."

ಮೂರು ಸೆಕೆಂಡು ಕಳೆದಿರಬಹುದು. ಗೆರೆ ಮೆಲ್ಲಗೆ ಮೇಲೆದ್ದಿತು, ಒಂದು ದಿಬ್ಬವಾಯಿತು, ಇಳಿಯಿತು.

ಕೋಕಿಲಾ ಕಣ್ಣನ್ನು ಹಾಳೆಗೆ ತಿರುಗಿಸಿದಳು. ದನಿ ಬದಲಾಗದಂತೆ "ಮರಿ," ಎಂದಳು. ಆಮೇಲೆ "ಚಿನ್ನಪ್ಪ." ಗೆರೆ ನೆಲಕ್ಕಂಟಿಕೊಂಡೇ ಇತ್ತು. ಕ್ರಮ ಬದಲಿಸಿ ಮತ್ತೊಮ್ಮೆ ಓದಿದಳು. ಎರಡನೇ ಸಲವೂ ಅದೇ ಹೆಸರಿಗೆ ಎದ್ದರೆ ಮಾತ್ರ ಬರೆದುಕೊಳ್ಳುವುದು ಅವಳ ನಿಯಮ. ಎದ್ದಿತು. ಬರೆದುಕೊಂಡಳು.

ಒಂದೂವರೆ ಗಂಟೆ ಹಿಡಿಯಿತು. ಮೂರನೇ ಪ್ರಶ್ನೆಯ ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿ ಗೆರೆ ಎದ್ದಾಗ ಅದನ್ನು ಹೊಡೆದುಹಾಕಿ ಮೊದಲಿಂದ ಓದಿದಳು. ಒಂದು ಪ್ರಶ್ನೆಗೆ ಗೆರೆ ಎಲ್ಲಿಯೂ ಏಳಲಿಲ್ಲ. ಅಲ್ಲಿ ಸೊನ್ನೆ ಬರೆದಳು. ಎಲ್ಲ ಮುಗಿದ ಮೇಲೆ ಪಟ್ಟಿ ಬಿಚ್ಚಿ, ಅವನ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, "ಥ್ಯಾಂಕ್ಸ್ ಮೇಷ್ಟ್ರೇ," ಎಂದಳು. ಆ ಹೆಸರು ಬಾಯಿಗೆ ತಾನಾಗಿ ಬಂದಿತ್ತು.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ಚಾಪೆ ಹಾಕಿ ನಾಲ್ವರೂ ಕೂತರು. ಕೋಕಿಲಾ ತನ್ನ ಹಾಳೆಯನ್ನು ಮೊದಲು ಎಲ್ಲರಿಗೂ ಕಾಣುವಂತೆ ಮುಂದಿಟ್ಟಳು. "ನಾನು ಬರೆದಾಗಿದೆ, ಇನ್ನು ತಿದ್ದಲ್ಲ. ಈಗ ಲಕೋಟೆ ತೆಗೀರಿ."

ಹನುಮಕ್ಕ ಮೊದಲನೆಯದನ್ನು ಹರಿದಳು. ಚೀಟಿಯಲ್ಲಿ ಕೆಂಚ ಎಂದಿತ್ತು. ಕೋಕಿಲಾಳ ಹಾಳೆಯಲ್ಲೂ ಕೆಂಚ. ಹನುಮಕ್ಕ ಎರಡನೆಯದನ್ನು ಹರಿದಳು. ಮದುವೆಯ ದಿನ ಛತ್ರದಲ್ಲಿ ಅವನದೇನು ಕಳೆದುಹೋಗಿತ್ತು ಎಂಬುದು ಪ್ರಶ್ನೆ. ಕನ್ನಡಕ. ಹಾಳೆಯಲ್ಲೂ ಕನ್ನಡಕ.

"ಒಂದು ಎರಡು ಅದೃಷ್ಟಕ್ಕೂ ಬರಬಹುದು," ಎಂದಳು ಕೋಕಿಲಾ, ತನಗೇ ಹೇಳಿಕೊಂಡಂತೆ.

ಮೂರನೆಯದು ಅರುಣ್‌ನದು, ಮನೆಯ ಹಳೆಯ ಸ್ಕೂಟರಿನ ನಂಬರು. ಅಲ್ಲಿ ಸೊನ್ನೆ. ಅರುಣ್ ಮುಖ ಕೆಳಗೆ ಹಾಕಿದ.

"ಅಯ್ಯೋ, ಅದು ಅವ್ರಿಗೆ ಯಾವತ್ ಗೊತ್ತಿತ್ತು?" ಎಂದಳು ಹನುಮಕ್ಕ. "ಸ್ಟ್ಯಾಂಡಲ್ಲಿ ಹುಡುಕೋಕೆ ಹ್ಯಾಂಡಲ್‌ಗೆ ಕೆಂಪು ದಾರ ಕಟ್ಟಿದ್ರಲ್ಲೋ."

ಅವನ ಎರಡನೇ ಪ್ರಶ್ನೆಯನ್ನು ಕೋಕಿಲಾ ಒಳಗೆ ಓದಿದ್ದಳು: ನೀವು ನನಗೆ ಜೀವನದಲ್ಲಿ ಒಂದೇ ಸಲ ಹೊಡೆದದ್ದು, ಯಾಕೆ? ಸಿನಿಮಾಕ್ಕೆ ಹೋಗಿದ್ದಕ್ಕೆ, ಬೀಡಿ ಸೇದಿದ್ದಕ್ಕೆ, ಮಾರ್ಕ್ಸ್ ಕಾರ್ಡು ಬಚ್ಚಿಟ್ಟದ್ದಕ್ಕೆ, ಮೈಕ್ರೋಮೀಟರ್ ಬೀಳಿಸಿದ್ದಕ್ಕೆ, ಜಗಳ ಆಡಿದ್ದಕ್ಕೆ. ಅರುಣ್ ಲಕೋಟೆ ಹರಿಯದೆ ಅವಳ ಹಾಳೆಯ ಕಡೆ ಬಗ್ಗಿ ನೋಡಿದ. ಅಲ್ಲಿ ಮೈಕ್ರೋಮೀಟರ್ ಎಂದಿತ್ತು.

"ಎಂಟನೇ ಕ್ಲಾಸಲ್ಲಿದ್ದೆ. ಅವ್ರು ಅಳತೆ ನೋಡೋ ಮೈಕ್ರೋಮೀಟರ್ ಅದು," ಎಂದ ಅವನು. "ಅಮ್ಮಂಗೂ ಗೊತ್ತಿಲ್ಲ ಇದು. ಹೊಡೆದು ಆಮೇಲೆ ಅವರೇ ಕೂತ್ಕೊಂಡು ಅತ್ತಿದ್ರು." ಅಷ್ಟು ಹೇಳಿ ಎದ್ದು ಒಳಕೋಣೆಗೆ ಹೋದ. ಲಕೋಟೆ ಚಾಪೆಯ ಮೇಲೇ ಉಳಿಯಿತು. ಕೋಕಿಲಾ ತೆರೆದು ನೋಡಿದಳು. ಸರಿಯಿತ್ತು.

ಐದನೆಯದು ತಮ್ಮಣ್ಣನದು, ಕಾಂತರಾಜು ಕಾರ್ಖಾನೆಗೆ ಸೇರಿದ ದಿನ ಕೆಲಸ ಕೊಟ್ಟ ಮಿಷನ್ ಯಾವುದೆಂದು. ಅದೂ ತಾಳೆಯಾಯಿತು. ಆರನೆಯದಕ್ಕೆ ತಮ್ಮಣ್ಣ ಮೀಸೆಯಡಿ ನಗುತ್ತ ಪೀಠಿಕೆ ಹಾಕಿದ. "ಇದು ನಾನು ಮೇಷ್ಟ್ರಿಗೆ ಹಾಕಿರೋ ಗಟ್ಟಿ ಪ್ರಶ್ನೆ ಮೇಡಂ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹಿತ್ತಾಳೆ ಸ್ಪೇರ್ ಪಾರ್ಟ್‌ಗೆ ಡೈ ಮಾಡಿದ್ವಿ. ಯಾರ ಕೈಲೂ ಆಗಲ್ಲ ಅಂತ ಮೂರು ಕಡೆಯಿಂದ ವಾಪಸ್ ಬಂದಿತ್ತು. ಮೇಲಿಂದ ಒತ್ತೋ ಪಂಚಿಗೂ ಕೆಳಗಿನ ಡೈಗೂ ಮಧ್ಯೆ ಎಷ್ಟು ಗ್ಯಾಪ್ ಬಿಟ್ರು ಅನ್ನೋದು ಪ್ರಶ್ನೆ. ತಲೆಗೂದಲ ದಪ್ಪದ ಅರ್ಧ ಅಂದ್ಕೊಳಿ. ನಲವತ್ತು ಮೈಕ್ರಾನ್."

ಲಕೋಟೆಯಲ್ಲಿ ನಲವತ್ತು ಎಂದಿತ್ತು. ಕೋಕಿಲಾಳ ಹಾಳೆಯಲ್ಲಿ ಮೂವತ್ತೈದು.

"ಇದು ತಪ್ಪಾಯ್ತು," ಎಂದಳು ಕೋಕಿಲಾ. "ಎರಡೂ ಸಲ ಮೂವತ್ತೈದಕ್ಕೇ ಎದ್ದಿದ್ದು. ನಲವತ್ತಕ್ಕೆ ಏನೂ ಆಗಲಿಲ್ಲ. ತಪ್ಪು ಅಂತಲೇ ಬರೀತೀನಿ. ಆರಕ್ಕೆ ನಾಲ್ಕು."

ತಮ್ಮಣ್ಣ ನಗುವುದನ್ನು ನಿಲ್ಲಿಸಿದ. ತಲೆ ಕೆರೆದುಕೊಂಡ. "ಮೂವತ್ತೈದಾ?" ಎಂದ. ಎದ್ದು ಚಪ್ಪಲಿ ಮೆಟ್ಟಿದ. "ಬರೀಬೇಡಿ ಮೇಡಂ, ಒಂದರ್ಧ ಗಂಟೆ ತಡೀರಿ."

ಅವನು ಗಾಡಿಯಲ್ಲಿ ಕಾರ್ಖಾನೆಗೆ ಹೋಗಿ ಬರುವಷ್ಟರಲ್ಲಿ ಒಂದು ಗಂಟೆಯೇ ಆಯಿತು. ಹನುಮಕ್ಕ ಉಪ್ಪಿಟ್ಟು ಮಾಡಿ ಬಡಿಸಿದಳು. ಕೋಕಿಲಾ ತಿನ್ನುತ್ತ ಒಳಕೋಣೆಯ ಕಡೆ ನೋಡಿದರೆ ಅರುಣ್ ಮಂಚದ ಪಕ್ಕ ನೆಲದಲ್ಲಿ ಕೂತು ತಂದೆಯ ಕೈ ಹಿಡಿದುಕೊಂಡಿದ್ದ, ಮೆಲ್ಲಗೆ ಏನೋ ಹೇಳುತ್ತಿದ್ದ.

ತಮ್ಮಣ್ಣ ತಂದದ್ದು ಪ್ಲಾಸ್ಟಿಕ್ ಕವರಿನಲ್ಲಿಟ್ಟ, ಮಡಿಕೆಯಲ್ಲಿ ಹರಿದ ಒಂದು ಡ್ರಾಯಿಂಗು. ಚಾಪೆಯ ಮೇಲೆ ಹರಡಿದ. ಮೂಲೆಯಲ್ಲಿ ನಲವತ್ತು ಎಂಬ ಅಂಕಿಯ ಮೇಲೆ ಕೆಂಪು ಪೆನ್ಸಿಲಿನ ಗೀಟು. ಪಕ್ಕದಲ್ಲಿ ಮೂವತ್ತೈದು ಎಂದು ಬರೆದು, ಕೆಳಗೆ ಕಾಂತರಾಜುವಿನ ಸಹಿ, ತಾರೀಕು.

"ನಲವತ್ತಕ್ಕೆ ಕತ್ತರಿಸಿದ ತಗಡಿನ ಅಂಚಲ್ಲಿ ಮುಳ್ಳು ಏಳ್ತಿತ್ತು," ಎಂದ ತಮ್ಮಣ್ಣ. ದನಿ ಸಣ್ಣದಾಗಿತ್ತು. "ಆ ವಾರ ನಾನು ತಂಗಿ ಮದುವೆ ಅಂತ ರಜ ಹಾಕಿದ್ದೆ. ವಾಪಸ್ ಬರೋ ಹೊತ್ತಿಗೆ ಡೈ ಪಾಸಾಗಿತ್ತು. ಮೇಷ್ಟ್ರು ತಿದ್ದಿದ್ದು ನಂಗೆ ಗೊತ್ತೇ ಇಲ್ಲ. ಇಷ್ಟು ವರ್ಷ ಎಲ್ಲರಿಗೂ ನಲವತ್ತು ಅಂತಲೇ ಹೇಳ್ಕೊಂಡು ಬಂದೆ."

ಕೋಕಿಲಾ ಡ್ರಾಯಿಂಗಿನ ಮೇಲೆ ಬಗ್ಗಿಯೇ ಇದ್ದಳು. ಉಳಿದ ಉತ್ತರಗಳನ್ನು ಯಾರಾದರೂ ಅನುಮಾನಿಸಬಹುದಿತ್ತು. ಗೋಡೆಯಾಚೆಯಿಂದ ಏನೋ ಕೇಳಿಸಿರಬಹುದು, ಯಾರದೋ ಉಸಿರು ಸುಳಿವು ಕೊಟ್ಟಿರಬಹುದು ಎನ್ನಬಹುದಿತ್ತು. ಇದರಲ್ಲಿ ಹಾಗನ್ನಲು ದಾರಿಯೇ ಇರಲಿಲ್ಲ.

"ತಮ್ಮಣ್ಣ, ನನಗಿದು ಗೊತ್ತಿರಲಿಲ್ಲ," ಎಂದಳು. "ಬರೆದ ನಿಮಗೂ ಗೊತ್ತಿರಲಿಲ್ಲ. ಈ ಮನೇಲಿ ಇವತ್ತು ಇದು ಗೊತ್ತಿದ್ದಿದ್ದು ಒಬ್ಬರಿಗೇ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೊಕ್ಕ ಫಲಿತಾಂಶ ನಾನು ನೋಡಿಲ್ಲ."

ಹನುಮಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಭುಜ ಕುಲುಕುವಷ್ಟು ನಕ್ಕಳು, ಕಣ್ಣೀರು ಬಂತು. ಒಳಕೋಣೆಯ ಬಾಗಿಲಿಗೆ ಹೋಗಿ ನಿಂತು, "ಕೇಳಿಸ್ತೇನ್ರೀ? ಮಲಗಿದ್ದಲ್ಲೇ ತಮ್ಮಣ್ಣನ ತಪ್ಪು ಹಿಡಿದ್ರಂತೆ ನೀವು," ಎಂದಳು. ತಮ್ಮಣ್ಣನೂ ಅವಳ ಹಿಂದೆ ಹೋಗಿ, ಮಂಚದ ಕಾಲಬಳಿ ಕೈ ಕಟ್ಟಿ ನಿಂತು, ತಪ್ಪೊಪ್ಪಿಕೊಳ್ಳುವ ಕೆಲಸಗಾರನಂತೆ, "ಸರಿ ಮೇಷ್ಟ್ರೇ, ಮೂವತ್ತೈದೇ," ಎಂದ.

ಆ ಸೋಮವಾರ ಕೆಂಗೇರಿಗೆ ಯಾರೂ ಹೋಗಲಿಲ್ಲ. ಅರುಣ್ ಕೇರ್ ಸೆಂಟರಿಗೆ ಫೋನ್ ಮಾಡಿ ಬೇಡವೆಂದ. ಬದಲಿಗೆ ಕೋಕಿಲಾಳ ಜೊತೆ ಕೂತು, ಯಾವ ಪ್ರಶ್ನೆ, ಯಾವ ಕ್ರಮ, ಎಲ್ಲಿ ಗೆರೆ ಎದ್ದಿತು, ಎಲ್ಲಿ ಏಳಲಿಲ್ಲ ಎಂಬುದನ್ನೆಲ್ಲ ಟೈಪ್ ಮಾಡಲು ನೆರವಾದ. ಎಂಟು ಪುಟದ ವರದಿ. ಕೊನೆಯ ಪ್ಯಾರಾದಲ್ಲಿ ಕೋಕಿಲಾ ಎಂದಿನಂತೆ ಬರೆದಳು: ಪರೀಕ್ಷೆಗೊಳಗಾದ ವ್ಯಕ್ತಿಗೆ ಸದರಿ ವಿಷಯ ತಿಳಿದಿದೆ. ಈ ವಾಕ್ಯ ಬರೆದಾಗೆಲ್ಲ ಯಾರೋ ಒಬ್ಬರ ಮನೆಯಲ್ಲಿ ಅಳು ಏಳುತ್ತದೆಂದು ಅವಳಿಗೆ ಗೊತ್ತಿರುತ್ತಿತ್ತು. ಈ ಸಲ ಮಾತ್ರ ಆ ಸಾಲನ್ನು ಎರಡು ಸಲ ಓದಿಕೊಂಡು ಸಹಿ ಹಾಕಿದಳು. ವಿಜಯನಗರದಲ್ಲಿದ್ದ ತನ್ನ ಅಕ್ಕನಿಗೆ ಫೋನ್ ಮಾಡಿ ಅಷ್ಟೂ ಕಥೆ ಹೇಳಿದಳು. ಸರ್ವೀಸಿನಲ್ಲಿದ್ದಾಗ ಒಂದು ಕೇಸನ್ನೂ ಮನೆಯವರ ಮುಂದೆ ಬಾಯಿಬಿಡದವಳು ಅವಳು.

ಬೇರೊಂದು ಆಸ್ಪತ್ರೆಯ ನರರೋಗ ವಿಭಾಗದ ವೈದ್ಯೆ, ಕೋಕಿಲಾ ಒಯ್ದುಕೊಟ್ಟ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಕೆಲವು ಕಡೆ ತಕರಾರೆತ್ತಿದಳು. ಕೋಕಿಲಾ ಉತ್ತರ ಕೊಟ್ಟಳು, ಒಂದೆರಡು ತಕರಾರನ್ನು ಒಪ್ಪಿಕೊಂಡಳು. ಆರನೆಯ ಪ್ರಶ್ನೆಗೆ ಬಂದಾಗ ವೈದ್ಯೆ ಪೆನ್ನು ಕೆಳಗಿಟ್ಟು, "ಆ ಡ್ರಾಯಿಂಗ್ ನೋಡಬಹುದಾ?" ಎಂದಳು. ನೋಡಿ, ಕಾಂತರಾಜುವನ್ನು ಮೂರು ದಿನ ಸೇರಿಸಿಕೊಂಡು ಮತ್ತೆ ಎಲ್ಲ ತಪಾಸಣೆ ಮಾಡಿಸಿದಳು. ಅವನೊಳಗೆ ಅರಿವಿದೆ, ಕೈಕಾಲು ನಾಲಿಗೆಗೆ ಅಪ್ಪಣೆ ತಲುಪುತ್ತಿಲ್ಲ, ಅಷ್ಟೇ ಎಂದಳು. ದಿನವೂ ವ್ಯಾಯಾಮ ಮಾಡಿಸುವವರು ಮನೆಗೆ ಬರತೊಡಗಿದರು. ಎತ್ತಿ ಮಲಗಿಸುವ ಕ್ರಮವನ್ನು ಅರುಣ್‌ಗೆ ಕಲಿಸಿದರು. ಅವನ ಸೊಂಟದ ನೋವು ಕಡಿಮೆಯಾಯಿತು. ಐದನೇ ತಿಂಗಳು ಕಾಂತರಾಜು ಹೌದೆನ್ನಲು ಕಣ್ಣು ಬಿಗಿಯಾಗಿ ಮುಚ್ಚುವುದನ್ನೂ, ಇಲ್ಲವೆನ್ನಲು ಮೇಲೆ ನೋಡುವುದನ್ನೂ ಕಲಿತ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ವೈದ್ಯೆ ಕೊಡಲಿಲ್ಲ, ಹನುಮಕ್ಕ ಕೇಳಲೂ ಇಲ್ಲ.

ಆಯುಧಪೂಜೆಯ ದಿನ ಕಾರ್ಖಾನೆಯವರು ಗಾಡಿ ಕಳಿಸಿ ಮೇಷ್ಟ್ರನ್ನು ಗಾಲಿಕುರ್ಚಿ ಸಮೇತ ಕರೆಸಿಕೊಂಡರು. ಕೋಕಿಲಾಳಿಗೂ ಹೇಳಿ ಕಳಿಸಿದ್ದರು. ಮಿಷನ್ನುಗಳಿಗೆಲ್ಲ ಚೆಂಡುಹೂವಿನ ಹಾರ, ಕುಂಕುಮ, ಬಾಳೆಕಂದು. ಅರುಣ್ ಕುರ್ಚಿ ತಳ್ಳಿಕೊಂಡು ಒಳಗೆ ಬಂದಾಗ ಕೆಲಸಗಾರರು ಎರಡು ಸಾಲಾಗಿ ನಿಂತರು. ಬೇರೆ ಕಾರ್ಖಾನೆ ಸೇರಿದ್ದ ಹಳೆಯ ಶಿಷ್ಯರೂ ಬಂದಿದ್ದರು. ಒಬ್ಬೊಬ್ಬರಾಗಿ ಮುಂದೆ ಬಂದು ಹೆಸರು ಹೇಳಿ, ಈಗ ಎಲ್ಲಿದ್ದೇನೆಂದು ಹೇಳಿ ಕಾಲು ಮುಟ್ಟಿದರು. ಪ್ರತಿಯೊಬ್ಬರಿಗೂ ಅವನು ಒಂದು ಸಲ ಕಣ್ಣು ಮುಚ್ಚಿ ತೆರೆದ.

ಹನುಮಕ್ಕ ಹೊಸ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. ಮೂವತ್ತೆಂಟು ವರ್ಷ ಗಂಡ ದುಡಿದ ಜಾಗಕ್ಕೆ ಅವಳು ಕಾಲಿಡುತ್ತಿದ್ದದ್ದು ಅದೇ ಮೊದಲು. ತಮ್ಮಣ್ಣ ಅವಳನ್ನು ಕರೆದುಕೊಂಡು ಹೋಗಿ ಕಿಟಕಿ ಪಕ್ಕದ ಬೆಂಚು ತೋರಿಸಿದ. "ಇದೇ ಅತ್ತಿಗೆ ಮೇಷ್ಟ್ರ ಜಾಗ."

ಅವಳು ಬೆಂಚಿನ ಮೇಲೆ ಕೈಯಾಡಿಸಿದಳು. ಅಲ್ಲಿಟ್ಟಿದ್ದ ಡೈ ಒಂದನ್ನು ಎತ್ತಲು ನೋಡಿದಳು. ಅಲುಗಲಿಲ್ಲ. "ಇಷ್ಟು ಭಾರದ ಕಬ್ಬಿಣದಲ್ಲಿ ಕೂದಲಷ್ಟು ಸಣ್ಣ ಕೆಲಸಾನಾ?" ಎಂದಳು.

"ಕೂದಲಿಗಿಂತ ಸಣ್ಣದು," ಎಂದ ತಮ್ಮಣ್ಣ.

ಕೋಕಿಲಾ ಕೈಯಲ್ಲಿ ಕಡ್ಲೆಪುರಿ ಪೊಟ್ಟಣ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹನುಮಕ್ಕ ಅವಳ ಮೊಣಕೈ ಹಿಡಿದುಕೊಂಡು, ಸಾಲಿನ ಆ ತುದಿಯಲ್ಲಿದ್ದ ಗಂಡನ ಕಡೆ ತಿರುಗಿದಳು. ಎಲ್ಲರಿಗೂ ಕೇಳುವಂತೆ, ಒಂಚೂರೂ ಸಂಕೋಚವಿಲ್ಲದೆ, "ನಮ್ ಯಜಮಾನ್ರು ಮೇಡಂ," ಎಂದಳು.